ಫೋನ್, ಕಾರ್ಡ್, ಫಾಬ್: ಯಾವ ಕೀ ಜೇಬಿನಲ್ಲಿ, ಯಾವುದು ಮನೆಯಲ್ಲಿ?

ಪ್ರಶ್ನೆ: ಹೊಸ ಕಾರಿನ ಜೊತೆ ಎರಡು ಫಾಬ್ (ಬಟನ್ ಇರುವ ರಿಮೋಟ್ ಕೀ), ಒಂದು ಕಾರ್ಡ್ ಕೊಟ್ಟಿದ್ದಾರೆ. ಫೋನನ್ನೇ ಕೀ ಮಾಡಿಕೊಳ್ಳಬಹುದು ಎಂದೂ ಹೇಳಿದರು. ಫಾಬ್ ಮನೆಯಲ್ಲಿಟ್ಟು ಬರೀ ಫೋನ್ ಹಿಡಿದು ಓಡಾಡಬಹುದೇ? ಫೋನಿನ ಚಾರ್ಜ್ ಮುಗಿದರೆ ಗತಿಯೇನು? ಕೀ ಮುಟ್ಟದೆಯೇ ಇಂಥ ಕಾರು ಕದಿಯುತ್ತಾರಂತೆ, ನಿಜವೇ? ಮನೆಯವರಿಗೆಲ್ಲ ಒಂದೊಂದು ಕೀ ಕೊಡುವುದು ಸರಿಯೇ?

ಉತ್ತರ: ಓಡಾಡಬಹುದು. ಆದರೆ ಬರೀ ಫೋನ್ ಸಾಲದು, ಜೊತೆಗೆ ಆ ಕಾರ್ಡೂ ಇರಲಿ. ಅದು ಫೋನಿನ ಕವರಿನೊಳಗೆ ಬೇಡ, ಪರ್ಸಿನಲ್ಲಿರಲಿ. ಫೋನ್ ಕಳೆದ ದಿನ ಕಾರ್ಡೂ ಅದರ ಜೊತೆಗೇ ಹೋಗಬಾರದು. ಫಾಬ್ ಎರಡೂ ಮನೆಯಲ್ಲಿರಬಹುದು.

ಮೂರೂ ಒಂದೇ ಕೆಲಸ ಮಾಡುತ್ತವೆ, ಆದರೆ ಕೈಕೊಡುವ ಸಂದರ್ಭ ಒಂದೊಂದಕ್ಕೂ ಬೇರೆ. ಇದು ಮನಸ್ಸಿನಲ್ಲಿ ನಿಲ್ಲಬೇಕಾದರೆ ಪ್ರತಿ ಕೀಗೂ ಕರೆಂಟ್ ಎಲ್ಲಿಂದ ಬರುತ್ತದೆ ಎಂದು ನೋಡಿ. ಫಾಬ್‌ಗೆ ಅದರೊಳಗಿನ ಗುಂಡಿ ಸೆಲ್ಲಿನಿಂದ. ಫೋನಿಗೆ ಅದರ ಬ್ಯಾಟರಿಯಿಂದ. ಕಾರ್ಡಿನಲ್ಲಿ ಸ್ವಂತದ್ದೇನೂ ಇಲ್ಲ. ಕಾರಿನ ರೀಡರ್ ಹತ್ತಿರ ಹಿಡಿದಾಗ ರೀಡರಿನ ಅಲೆಯಿಂದಲೇ ಅದು ಜೀವ ಪಡೆಯುತ್ತದೆ. ಮೂರರಲ್ಲಿ ಯಾವುದನ್ನು ತೋರಿಸಿದರೂ ಅದನ್ನು ಗುರುತಿಸಬೇಕಾದ ಕಾರು ನಿಂತಿರುವುದು ಅದರ 12 ವೋಲ್ಟ್ ಬ್ಯಾಟರಿಯ ಮೇಲೆ. ನೀವು ಕೇಳಿರುವ ತಾಪತ್ರಯಗಳಲ್ಲಿ ಹೆಚ್ಚಿನವು ಫಾಬ್ ಸೆಲ್, ಫೋನ್ ಬ್ಯಾಟರಿ, ಕಾರಿನ ಬ್ಯಾಟರಿ ಈ ಮೂರರಲ್ಲಿ ಒಂದು ಬರಿದಾದದ್ದರಿಂದ ಹುಟ್ಟುವಂಥವು.

ಫಾಬ್‌ನೊಳಗೆ ಏನಿದೆ

ಒಂದು ಫಾಬ್‌ನಲ್ಲಿ ಮೂರು ಬೇರೆ ಬೇರೆ ವ್ಯವಸ್ಥೆಗಳಿವೆ. ಬಟನ್ ಒತ್ತಿದಾಗ ಹೊರಡುವ ಸಂಕೇತ ಮೊದಲನೆಯದು. ಅದು ಬಹುಪಾಲು ದೇಶಗಳಲ್ಲಿ 433.92 ಮೆಗಾಹರ್ಟ್ಜ್‌ನಲ್ಲಿ, ಉತ್ತರ ಅಮೆರಿಕ ಮತ್ತು ಜಪಾನಿನಲ್ಲಿ ಹೆಚ್ಚಾಗಿ 315ರಲ್ಲಿ ಹೋಗುತ್ತದೆ, ಹತ್ತಾರು ಮೀಟರ್ ದೂರ ಮುಟ್ಟುತ್ತದೆ. ಒತ್ತಿದ ಪ್ರತಿ ಸಲವೂ ಕೋಡ್ ಬದಲಾಗುವುದರಿಂದ, ಕಾರು ಒಮ್ಮೆ ಸ್ವೀಕರಿಸಿದ ಕೋಡನ್ನು ಯಾರಾದರೂ ಹಿಡಿದಿಟ್ಟು ಮತ್ತೆ ಕಳಿಸಿದರೆ ಅದು ಒಪ್ಪುವುದಿಲ್ಲ.

ಎರಡನೆಯದು, ಫಾಬ್ ಜೇಬಿನಿಂದ ತೆಗೆಯದೆಯೇ ಬಾಗಿಲು ತೆರೆಯುವ ವ್ಯವಸ್ಥೆ. ನೀವು ಹ್ಯಾಂಡಲ್ ಮುಟ್ಟಿದ ಕೂಡಲೇ ಕಾರು ಬಾಗಿಲಿನ ಆಂಟೆನಾದಿಂದ 125 ಅಥವಾ 134 ಕಿಲೋಹರ್ಟ್ಜ್‌ನಲ್ಲಿ ಒಂದು ಸವಾಲು ಕಳಿಸುತ್ತದೆ. ಈ ಅಲೆ ಒಂದೆರಡು ಮೀಟರಿನಾಚೆ ಹೋಗುವುದಿಲ್ಲ. ಅದು ಕಿವಿಗೆ ಬಿದ್ದ ಫಾಬ್ ಎದ್ದು, ತನ್ನ ಗುಪ್ತ ಸಂಖ್ಯೆಯಿಂದ ಲೆಕ್ಕ ಹಾಕಿದ ಉತ್ತರವನ್ನು ಮೇಲೆ ಹೇಳಿದ ರೇಡಿಯೋ ಬ್ಯಾಂಡಿನಲ್ಲಿ ವಾಪಸ್ ಕಳಿಸುತ್ತದೆ. ಮೂರನೆಯದು ಸೆಲ್ಲೇ ಬೇಡದ ಇಮೊಬಿಲೈಸರ್ ಚಿಪ್, ಅಂದರೆ ಇದರ ಗುರುತು ಸಿಗದೆ ಕಾರು ಸ್ಟಾರ್ಟ್ ಆಗದಂತೆ ಮಾಡಿರುವ ಚಿಪ್. ಕಾರಿನ ಸುರುಳಿಯಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಅಲ್ಲಿಂದಲೇ ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ.

ಫಾಬ್‌ನ ಸೆಲ್ ಸತ್ತಾಗ ಹಲವರು ಗಾಬರಿಬಿದ್ದು ಕಾರನ್ನು ಎಳೆಸಿಕೊಂಡು ಹೋಗಲು ಗಾಡಿ ಕರೆಸುವುದುಂಟು. ಅದರ ಅಗತ್ಯವೇ ಇಲ್ಲ, ಮೂರನೆಯ ಚಿಪ್ ಇರುವುದೇ ಇಂಥ ಹೊತ್ತಿಗೆ. ಫಾಬ್‌ನ ಪಕ್ಕದಲ್ಲೋ ಹಿಂದೆಯೋ ಇರುವ ಸಣ್ಣ ಗುಂಡಿ ಜಾರಿಸಿದರೆ ಒಳಗಿನಿಂದ ಲೋಹದ ಕೀ ಹೊರಬರುತ್ತದೆ. ಚಾಲಕನ ಬಾಗಿಲಿನ ಹ್ಯಾಂಡಲ್ ಬಳಿ ಕೀಲಿಯ ತೂತು ಇರುತ್ತದೆ. ಹಲವು ಕಾರುಗಳಲ್ಲಿ ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಳವಿರುವುದರಿಂದ ಕಣ್ಣಿಗೆ ಬೀಳದು. ಮುಚ್ಚಳದ ಅಡಿಯ ಸೀಳಿಗೆ ಕೀ ತುದಿ ಕೊಟ್ಟು ಮೆಲ್ಲಗೆ ಮೀಟಿದರೆ ಕಳಚುತ್ತದೆ. ಹೀಗೆ ಬಾಗಿಲು ತೆರೆದಾಗ ಅಲಾರಂ ಕೂಗಿಕೊಳ್ಳಬಹುದು, ಕೂಗಲಿ. ಕಾರು ಕೀಯನ್ನು ಗುರುತಿಸಿದೊಡನೆ ನಿಲ್ಲುತ್ತದೆ. ಒಳಗೆ ಕೂತು ಬ್ರೇಕ್ ಒತ್ತಿ, ಫಾಬನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದು ಅದರಿಂದಲೇ ಬಟನ್ ಒತ್ತಿ. ಕೆಲವು ಕಾರುಗಳಲ್ಲಿ ಹಿಡಿಯಬೇಕಾದ ಜಾಗ ಸ್ಟೇರಿಂಗ್ ಕಂಬದ ಮೇಲಿನ ಗುರುತು, ಇನ್ನು ಕೆಲವದರಲ್ಲಿ ಲೋಟ ಇಡುವ ಗುಳಿಯ ತಳ ಅಥವಾ ಕನ್ಸೋಲ್ ಪೆಟ್ಟಿಗೆಯೊಳಗಿನ ಗೂಡು. ನಿಮ್ಮ ಕಾರಿನಲ್ಲಿ ಅದು ಎಲ್ಲಿದೆ ಎಂಬುದನ್ನು ಇವತ್ತೇ ಕೈಪಿಡಿಯಲ್ಲಿ ನೋಡಿ, ಫಾಬ್‌ನ ಸೆಲ್ ತೆಗೆದಿಟ್ಟು ಒಮ್ಮೆ ಸ್ಟಾರ್ಟ್ ಮಾಡಿ ನೋಡಿ. ಕತ್ತಲಲ್ಲಿ, ಮಳೆಯಲ್ಲಿ ಹುಡುಕುವ ಪಾಡು ತಪ್ಪುತ್ತದೆ.

ಸೆಲ್ ಬದಲಿಸುವುದು

ಹೆಚ್ಚಿನ ಫಾಬ್‌ಗಳಲ್ಲಿ ಸಿಆರ್2032 ಸೆಲ್ ಇರುತ್ತದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಕೆಲವದರಲ್ಲಿ 2.5 ಮಿಲಿಮೀಟರ್ ದಪ್ಪದ ಸಿಆರ್2025, ದೊಡ್ಡ ಫಾಬ್‌ಗಳಲ್ಲಿ ಸಿಆರ್2450. 2032 ಇರಬೇಕಾದ ಜಾಗದಲ್ಲಿ 2025 ಹಾಕಿದರೆ ಕೂರುವುದೇನೋ ಕೂರುತ್ತದೆ, ಆದರೆ ಸಂಪರ್ಕ ಸಡಿಲವಾಗಿ ಒಮ್ಮೆ ಕೆಲಸ ಮಾಡಿ ಒಮ್ಮೆ ಸುಮ್ಮನಾಗುತ್ತದೆ. ಎಲ್‌ಐಆರ್2032 ಎಂಬ ರೀಚಾರ್ಜ್ ಆಗುವ ಸೆಲ್ ಹಾಕಲೇಬೇಡಿ. ತುಂಬಿದಾಗ ಅದರ ವೋಲ್ಟೇಜ್ 4.2ರವರೆಗೆ ಏರುತ್ತದೆ, 3 ವೋಲ್ಟಿಗೆ ಮಾಡಿದ ಸರ್ಕ್ಯೂಟಿಗೆ ಅದು ಹೆಚ್ಚಾಯಿತು. ಮಕ್ಕಳು ಬಾಯಿಗೆ ಹಾಕದಿರಲಿ ಎಂದು ಕಹಿ ಲೇಪ ಬಳಿದ ಸೆಲ್‌ಗಳು ಕೆಲವು ಸಾಧನಗಳಲ್ಲಿ ಸರಿಯಾಗಿ ಸಂಪರ್ಕ ಕೊಡುವುದಿಲ್ಲ. ಹೊಸ ಸೆಲ್ ಹಾಕಿಯೂ ಫಾಬ್ ಏಳದಿದ್ದರೆ ಲೇಪವಿಲ್ಲದ್ದನ್ನು ಹಾಕಿ ನೋಡಿ.

ಬದಲಿಸಲು ಐದು ನಿಮಿಷ ಸಾಕು. ಲೋಹದ ಕೀ ಹೊರತೆಗೆದರೆ ಅದು ಕೂತಿದ್ದ ಜಾಗದಲ್ಲೇ ಒಂದು ಸೀಳು ಕಾಣುತ್ತದೆ. ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರಿನ ತುದಿ ಅಲ್ಲಿಟ್ಟು ತಿರುಗಿಸಿದರೆ ಎರಡು ಹೋಳು ಬಿಡಿಸಿಕೊಳ್ಳುತ್ತವೆ. ಸೆಲ್ ತೆಗೆಯುವ ಮುನ್ನ ಪ್ಲಸ್ ಯಾವ ಕಡೆಗಿದೆ ಎಂದು ಫೋಟೋ ತೆಗೆದುಕೊಳ್ಳಿ, ಎಲ್ಲ ಫಾಬ್‌ಗಳಲ್ಲೂ ಅದು ಮೇಲ್ಮುಖವಾಗಿರುವುದಿಲ್ಲ. ಸೆಲ್ಲನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಮೀಟಿ. ಲೋಹದ ತುದಿ ಸಂಪರ್ಕದ ಎಲೆಗಳನ್ನು ಬಾಗಿಸಿಬಿಟ್ಟರೆ ಅದೇ ಹೊಸ ರಗಳೆ. ಹೊಸ ಸೆಲ್ಲನ್ನು ಅಂಚಿನಲ್ಲಿ ಹಿಡಿದು ಕೂರಿಸಿ, ಬೆರಳಿನ ಎಣ್ಣೆ ಮುಖಕ್ಕೆ ತಾಗದಿರಲಿ. ಹೆಚ್ಚಿನ ಫಾಬ್‌ಗಳಲ್ಲಿ ಗುಪ್ತ ಸಂಖ್ಯೆ ಅಳಿಯದ ಸ್ಮೃತಿಯಲ್ಲಿ ಇರುವುದರಿಂದ, ಸೆಲ್ ಬದಲಿಸಿದ್ದಕ್ಕೆ ಮತ್ತೆ ಪ್ರೋಗ್ರಾಂ ಮಾಡಿಸಬೇಕಾಗಿಲ್ಲ.

ಹಳೆಯ ಸೆಲ್ ಮೇಜಿನ ಮೇಲೆ ಬಿಡಬೇಡಿ. 20 ಮಿಲಿಮೀಟರಿನ ಲಿಥಿಯಂ ಸೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಗಂಭೀರ ಸುಟ್ಟಗಾಯ ಆಗಬಲ್ಲದು. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಒಯ್ಯಬೇಕು. ತೆಗೆದ ಸೆಲ್ಲಿನ ಎರಡೂ ಮುಖಕ್ಕೆ ಟೇಪ್ ಅಂಟಿಸಿ ಬ್ಯಾಟರಿ ಕಸಕ್ಕೆ ಕೊಡಿ.

ಸೆಲ್ ಬೇಗ ಬೇಗ ಖಾಲಿಯಾಗುತ್ತಿದ್ದರೆ ಫಾಬ್ ಇಡುವ ಜಾಗ ನೋಡಿ. ಕಾರಿನ ಸವಾಲಿಗಾಗಿ ಫಾಬ್ ಹಗಲೂ ರಾತ್ರಿ ಕಿವಿಗೊಟ್ಟೇ ಇರುತ್ತದೆ. ಅದಕ್ಕೆ 5 ಮೈಕ್ರೋಆಂಪಿಯರ್ ಹೋಗುತ್ತದೆ ಎಂದು ಹಿಡಿದರೂ ವರ್ಷಕ್ಕೆ 44 ಮಿಲಿಆಂಪಿಯರ್ ಅವರ್. ಇಡೀ ಸೆಲ್ಲಿನಲ್ಲಿರುವುದು ಸುಮಾರು 220. ಇದರ ಮೇಲೆ ಫಾಬ್ ಕಾರಿನ ಹತ್ತಿರವೇ, ಗ್ಯಾರೇಜಿನ ಗೋಡೆಯ ಮೊಳೆಯಲ್ಲೋ ಬಾಗಿಲ ಪಕ್ಕದಲ್ಲೋ ನೇತಾಡುತ್ತಿದ್ದರೆ ಕಾರೂ ಫಾಬೂ ಒಂದನ್ನೊಂದು ಎಬ್ಬಿಸುತ್ತಲೇ ಇರಬಹುದು, ಆಗ ಇಬ್ಬರ ಬ್ಯಾಟರಿಯೂ ಕರಗುತ್ತದೆ. ಕಾರಿನಿಂದ ಐದಾರು ಮೀಟರ್ ದೂರವಾದರೂ ಇರಲಿ.

ಫಾಬ್ ಕಾರಿನೊಳಗೇ ಇದ್ದರೂ ‘ಕೀ ಸಿಗುತ್ತಿಲ್ಲ’ ಎಂಬ ಸಂದೇಶ ಬರುವುದು ಇನ್ನೊಂದು ಸಾಮಾನ್ಯ ದೂರು. ಫಾಬ್ ಎಲ್ಲಿತ್ತು ಎಂದು ಕೇಳಿದರೆ ಹಲವು ಸಲ ಸಿಗುವ ಉತ್ತರ: ಫೋನಿನ ಜೊತೆ, ವೈರ್‌ಲೆಸ್ ಚಾರ್ಜರಿನ ಮೇಲೆ. ಆ ಚಾರ್ಜರ್ ಕೆಲಸ ಮಾಡುವುದು ಸುಮಾರು 100ರಿಂದ 205 ಕಿಲೋಹರ್ಟ್ಜ್ ನಡುವೆ. ಕಾರು ಫಾಬನ್ನು ಕೂಗುವ 125 ಆ ಪಟ್ಟಿಯ ಒಳಗೇ ಬರುವುದರಿಂದ ಕೂಗು ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಫಾಬನ್ನು ಒಂದು ಗೇಣು ದೂರ ಸರಿಸಿದರೆ ಸರಿಹೋಗುತ್ತದೆ.

ಕೀ ಮುಟ್ಟದೆ ಕದಿಯುವುದು

ನಿಜ, ಮತ್ತು ಹೊಸದೇನೂ ಅಲ್ಲ. ಒಬ್ಬ ಕಳ್ಳ ಕಾರಿನ ಬಾಗಿಲ ಬಳಿ, ಇನ್ನೊಬ್ಬ ನಿಮ್ಮ ಮನೆಯ ಗೋಡೆಯಾಚೆ, ಇಬ್ಬರ ಕೈಯಲ್ಲೂ ಒಂದೊಂದು ಯಂತ್ರ. ಕಾರಿನ ಸವಾಲನ್ನು ಒಬ್ಬ ಹಿಡಿದು ಇನ್ನೊಬ್ಬನಿಗೆ ದಾಟಿಸುತ್ತಾನೆ, ಅವನು ಅದನ್ನು ಗೋಡೆಯ ಒಳಗಿರುವ ಫಾಬ್‌ಗೆ ಕೇಳಿಸುತ್ತಾನೆ. ಫಾಬ್ ಪ್ರಾಮಾಣಿಕವಾಗಿ ಕೊಟ್ಟ ಉತ್ತರ ಅದೇ ದಾರಿಯಲ್ಲಿ ಕಾರಿಗೆ ಮುಟ್ಟುತ್ತದೆ. ಇಲ್ಲಿ ಗುಪ್ತಲಿಪಿ ಯಾರೂ ಒಡೆದಿಲ್ಲ. ಕೀ ಹತ್ತಿರವಿದೆ ಎಂದು ಕಾರನ್ನು ನಂಬಿಸಿದ್ದಾರೆ, ಅಷ್ಟೇ. ಜ್ಯೂರಿಚ್‌ನ ಇಟಿಎಚ್ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 8 ತಯಾರಕರ 10 ಮಾದರಿಗಳನ್ನು ಹೀಗೆ ಪರೀಕ್ಷಿಸಿದರು; ಹತ್ತೂ ಮೋಸಹೋದವು. ಎಂಜಿನ್ ಒಮ್ಮೆ ಚಾಲೂ ಆದ ಮೇಲೆ ಕೀ ದೂರವಾದರೂ ಕಾರು ತಾನಾಗಿ ನಿಲ್ಲುವುದಿಲ್ಲ. ಓಡುತ್ತಿರುವಾಗ ಹಾಗೆ ನಿಂತರೆ ಅಪಘಾತವಾದೀತೆಂದೇ ಹಾಗೆ ಮಾಡಿರುತ್ತಾರೆ. ಕಳ್ಳನಿಗೂ ಅಷ್ಟೇ ಬೇಕು.

ತಯಾರಕರು ಇದಕ್ಕೆ ಕೊಟ್ಟ ಮೊದಲ ಮದ್ದು ಫಾಬ್‌ನೊಳಗೆ ಚಲನೆಯ ಸೆನ್ಸರ್. ಕೆಲವು ನಿಮಿಷ ಅಲುಗಾಡದಿದ್ದರೆ ಫಾಬ್ ನಿದ್ದೆ ಹೋಗುತ್ತದೆ, ಯಾವ ಸವಾಲಿಗೂ ಓಗೊಡುವುದಿಲ್ಲ. ನಿಮ್ಮದರಲ್ಲಿ ಇದೆಯೇ ಎಂದು ನೋಡುವುದು ಸುಲಭ. ಕಾರನ್ನು ಲಾಕ್ ಮಾಡಿ, ಚಾಲಕನ ಬಾಗಿಲಿನಿಂದ ಅರ್ಧ ಮೀಟರ್ ದೂರದಲ್ಲಿ ಫಾಬನ್ನು ಸ್ಟೂಲಿನ ಮೇಲಿಡಿ, ಕಾಲು ಗಂಟೆ ಅದನ್ನು ಮುಟ್ಟಬೇಡಿ, ಆಮೇಲೆ ಹ್ಯಾಂಡಲ್ ಎಳೆಯಿರಿ. ತೆರೆಯದಿದ್ದರೆ ಸೆನ್ಸರ್ ಇದೆ. ತೆರೆದರೆ ರಾತ್ರಿಯಿಡೀ ನಿಮ್ಮ ಫಾಬ್ ಎಚ್ಚರವಾಗಿಯೇ ಇರುತ್ತದೆ ಎಂದರ್ಥ.

ಹಾಗಿದ್ದಲ್ಲಿ ಎರಡು ದಾರಿ. ಒಂದು, ಜೇಬಿನಿಂದ ತೆಗೆಯದೆ ತೆರೆಯುವ ಸೌಲಭ್ಯವನ್ನೇ ಬಂದ್ ಮಾಡುವುದು. ಹಲವು ಕಾರುಗಳಲ್ಲಿ ಪರದೆಯ ಸೆಟ್ಟಿಂಗ್‌ನಲ್ಲಿ ಸಿಗುತ್ತದೆ. ಟೊಯೋಟಾದ ಹಲವು ಮಾದರಿಗಳಲ್ಲಿ ಫಾಬ್‌ನ ಲಾಕ್ ಬಟನ್ ಒತ್ತಿ ಹಿಡಿದೇ ಅನ್‌ಲಾಕ್ ಬಟನ್ ಎರಡು ಸಲ ಒತ್ತಿದರೆ ಫಾಬ್ ಉಳಿತಾಯದ ಸ್ಥಿತಿಗೆ ಹೋಗುತ್ತದೆ. ಮತ್ತೆ ಯಾವುದಾದರೂ ಬಟನ್ ಒತ್ತಿದಾಗ ಏಳುತ್ತದೆ. ಎರಡನೆಯದು ಲೋಹದ ಅಸ್ತರಿರುವ ಚೀಲ. ಇದನ್ನು ಕೊಳ್ಳುವುದಾದರೆ ಒಂದು ಮಾತು: ಫಾಬ್ ಒಳಗಿಟ್ಟು, ಚೀಲ ಮುಚ್ಚಿ, ಬಾಗಿಲಿಗೆ ತಾಗಿ ನಿಂತು ಹ್ಯಾಂಡಲ್ ಎಳೆದು ನೋಡಿ. ತೆರೆದರೆ ಆ ಚೀಲ ದಂಡ. ಮಡಿಕೆಯ ಜಾಗದಲ್ಲಿ ಅಸ್ತರು ತಿಂಗಳುಗಟ್ಟಲೆ ಬಳಸಿದ ಮೇಲೆ ಬಿರುಕು ಬಿಡುತ್ತದೆ, ಆದ್ದರಿಂದ ಈ ಪರೀಕ್ಷೆಯನ್ನು ಆಗಾಗ ಮಾಡಬೇಕು. ಕಪಾಟಿನಲ್ಲಿರುವ ಎರಡನೆಯ ಫಾಬ್‌ಗೂ ಒಂದು ಚೀಲ ಬೇಕು. ದಿನ ಬಳಸುವುದನ್ನು ಜೋಪಾನ ಮಾಡಿ ಎರಡನೆಯದನ್ನು ಮರೆಯುವವರೇ ಹೆಚ್ಚು.

ಸರಿಯಾದ ಮದ್ದು ಮಾತ್ರ ಬೇರೆಯೇ ಇದೆ, ಅದು ಅಲ್ಟ್ರಾ ವೈಡ್‌ಬ್ಯಾಂಡ್ ಅಥವಾ ಯುಡಬ್ಲ್ಯುಬಿ. ಸಂಕೇತ ಎಷ್ಟು ಜೋರಾಗಿ ಕೇಳುತ್ತಿದೆ ಎಂದು ನೋಡುವುದನ್ನು ಬಿಟ್ಟು, ಹೋಗಿಬರಲು ಎಷ್ಟು ಸಮಯ ಹಿಡಿಯಿತು ಎಂದು ಅಳೆಯುವ ವಿಧಾನ ಇದು. ರೇಡಿಯೋ ಅಲೆ ಒಂದು ನ್ಯಾನೋಸೆಕೆಂಡಿನಲ್ಲಿ 30 ಸೆಂಟಿಮೀಟರ್ ಹೋಗುತ್ತದೆ. ಕಳ್ಳರು ನಡುವೆ ನಿಂತು ದಾಟಿಸಿದರೆ ದಾರಿ ಉದ್ದವಾಗುತ್ತದೆ, ಸಮಯ ಹೆಚ್ಚುತ್ತದೆ, ಕೀ ದೂರದಲ್ಲಿದೆ ಎಂಬುದು ಕಾರಿಗೆ ಗೊತ್ತಾಗಿಬಿಡುತ್ತದೆ. ಸಂಕೇತದ ಶಕ್ತಿ ಹೆಚ್ಚಿಸುವ ಯಂತ್ರ ಮಾಡಬಹುದು, ಅಲೆಯನ್ನು ಬೆಳಕಿಗಿಂತ ವೇಗವಾಗಿ ಓಡಿಸುವ ಯಂತ್ರ ಮಾಡಲಾಗದು. ಕಾರಿನ ವಿವರಪಟ್ಟಿಯಲ್ಲಿ ಕೀ ಬಗ್ಗೆ ಒಂದೇ ಒಂದು ಪದ ಹುಡುಕುವುದಾದರೆ ಇದನ್ನು ಹುಡುಕಿ.

ಇದರಿಂದ ಎಲ್ಲ ಕಳ್ಳತನವೂ ನಿಲ್ಲುತ್ತದೆ ಎಂದಲ್ಲ. ಬಂಪರ್ ಅಥವಾ ಹೆಡ್‌ಲೈಟಿನ ವೈರ್ ಮೂಲಕ ಕಾರಿನ ಒಳ ಜಾಲಕ್ಕೇ ಸುಳ್ಳು ಸಂದೇಶ ತುರುಕುವ ವಿಧಾನವೂ ಇದೆ, ಅಲ್ಲಿ ಕೀ ಎಷ್ಟೇ ಒಳ್ಳೆಯದಿದ್ದರೂ ಪ್ರಯೋಜನಕ್ಕೆ ಬಾರದು. ಕಾರಿನಲ್ಲಿ ‘ಪಿನ್ ಹಾಕಿದರೆ ಮಾತ್ರ ಓಡು’ ಎಂಬ ಸೌಲಭ್ಯವಿದ್ದರೆ ಚಾಲೂ ಮಾಡಿಕೊಳ್ಳಿ. ಸ್ಟೇರಿಂಗಿಗೆ ಹಾಕುವ ಕಬ್ಬಿಣದ ಲಾಕ್ ಹಳೆಯ ಕಾಲದ್ದಾದರೂ ಅದನ್ನು ದೂರದಿಂದ ಯಾರೂ ತೆರೆಯಲಾರರು.

ಫೋನ್ ಕೀ

‘ಫೋನಿನಿಂದ ಕಾರು ತೆರೆಯುತ್ತದೆ’ ಎಂದು ಮಾರುವವರು ಹೇಳಿದಾಗ ಅದು ನಾಲ್ಕು ಬೇರೆ ಬೇರೆ ಸಂಗತಿಗಳಲ್ಲಿ ಯಾವುದೂ ಆಗಿರಬಹುದು. ಆಪ್‌ನಲ್ಲಿ ‘ಅನ್‌ಲಾಕ್’ ಒತ್ತಿದರೆ ಆದೇಶ ತಯಾರಕರ ಸರ್ವರಿಗೆ ಹೋಗಿ, ಅಲ್ಲಿಂದ ಕಾರಿನಲ್ಲಿರುವ ಸಿಮ್ಮಿಗೆ ಬರುವುದು ಒಂದು. ಇದನ್ನು ಕೀ ಎಂದು ಕರೆಯಲೇಬಾರದು: ನಿಮಗೂ ಕಾರಿಗೂ ನೆಟ್‌ವರ್ಕ್ ಇರಬೇಕು, ತಳಮಹಡಿಯ ಪಾರ್ಕಿಂಗಿನಲ್ಲಿ ಕೈಕೊಡುತ್ತದೆ, ಚಂದಾ ಮುಗಿದ ದಿನ ನಿಂತೂ ಹೋಗಬಹುದು. ಎರಡನೆಯದು ಬ್ಲೂಟೂತ್ ಕೀ. ಟೆಸ್ಲಾ ಮಾಡೆಲ್ 3 ಕಾರು 2017ರಲ್ಲಿ ಬಂದಾಗ ಫೋನ್ ಮತ್ತು ಕಾರ್ಡ್ ಇವೇ ಅದರ ಕೀಗಳಾಗಿದ್ದವು. ಮೂರನೆಯದು ಎನ್‌ಎಫ್‌ಸಿ, ಅಂದರೆ ಫೋನನ್ನು ಹ್ಯಾಂಡಲಿಗೆ ತಾಗಿಸಿ ತೆರೆಯುವುದು. ಆಪಲ್ 2020ರಲ್ಲಿ ಬಿಎಂಡಬ್ಲ್ಯು ಜೊತೆ ಶುರು ಮಾಡಿದ್ದು ಇದನ್ನು. ನಾಲ್ಕನೆಯದು ಬ್ಲೂಟೂತ್ ಜೊತೆ ಯುಡಬ್ಲ್ಯುಬಿ. ಕಾರು ಮತ್ತು ಫೋನ್ ತಯಾರಕರ ಒಕ್ಕೂಟವಾದ ಕಾರ್ ಕನೆಕ್ಟಿವಿಟಿ ಕನ್ಸೋರ್ಷಿಯಂ 2021ರಲ್ಲಿ ಹೊರತಂದ ಡಿಜಿಟಲ್ ಕೀ 3.0 ಮಾನದಂಡದಲ್ಲಿ ಇದು ಸೇರಿದೆ. ಜೇಬಿನಿಂದ ಫೋನ್ ತೆಗೆಯದೆಯೇ ಸುರಕ್ಷಿತವಾಗಿ ತೆರೆಯುವುದು ಈ ನಾಲ್ಕನೆಯದರಲ್ಲಿ.

ಬರೀ ಬ್ಲೂಟೂತ್ ಇರುವ ಕೀಗೂ ಫಾಬ್‌ನ ಅದೇ ದೌರ್ಬಲ್ಯ ಇದೆ. 2022ರಲ್ಲಿ ಎನ್‌ಸಿಸಿ ಗ್ರೂಪ್ ಎಂಬ ಭದ್ರತಾ ಸಂಸ್ಥೆ ಟೆಸ್ಲಾ ಮಾಡೆಲ್ 3 ಕಾರಿನ ಬ್ಲೂಟೂತ್ ಕೀ ಸಂಕೇತವನ್ನು ದೂರದಿಂದ ದಾಟಿಸಿ ತೋರಿಸಿತು. ನಿಮ್ಮ ಕಾರಿನಲ್ಲಿ ಯುಡಬ್ಲ್ಯುಬಿ ಇದ್ದು ಫೋನಿನಲ್ಲಿ ಇಲ್ಲದಿದ್ದರೆ ಆ ರಕ್ಷಣೆ ನಿಮಗೆ ಸಿಗುವುದಿಲ್ಲ, ಎರಡೂ ಕಡೆ ಆ ಚಿಪ್ ಬೇಕು. ಇಲ್ಲದವರು ಪಿನ್ ಇಟ್ಟುಕೊಳ್ಳಲಿ.

ಜೋಡಿಸುವಾಗ ಫಾಬ್ ಕಾರಿನೊಳಗಿರಬೇಕು, ಕೆಲವು ಕಾರುಗಳು ಎರಡೂ ಫಾಬ್ ಕೇಳುತ್ತವೆ. ಫಾಬ್ ಎಲ್ಲೋ ಕಳೆದರೂ ಫೋನ್ ಇದೆಯಲ್ಲ ಎಂದು ಉದಾಸೀನ ಮಾಡಬಾರದು ಎಂಬುದಕ್ಕೆ ಇದೇ ಕಾರಣ: ಮುಂದೆ ಹೊಸ ಫೋನ್ ಕೊಂಡಾಗ ಬೇಕಾಗುವುದು ಅದೇ ಫಾಬ್. ಆಪ್ ತೆರೆದು ಡಿಜಿಟಲ್ ಕೀ ಆಯ್ಕೆ ಮಾಡಿ, ಕಾರಿನ ಪರದೆ ಹೇಳಿದಾಗ ಫೋನನ್ನು ಒಳಗಿನ ರೀಡರಿನ ಮೇಲಿಟ್ಟು, ಜೋಡಣೆ ಮುಗಿಯುವವರೆಗೆ ಕದಲಿಸದೆ ಬಿಡಿ. ದಪ್ಪನೆಯ ಕವರ್, ಲೋಹದ ಉಂಗುರ, ಮ್ಯಾಗ್ನೆಟ್ ತಟ್ಟೆ ಇದ್ದರೆ ತೆಗೆದುಬಿಡಿ. ಜೋಡಣೆ ಅರ್ಧಕ್ಕೆ ಕಡಿಯಲು ಇವು ಕಾರಣವಾಗುತ್ತವೆ. ಈ ಮಾನದಂಡದ ಕೀಯಲ್ಲಿ ಗುಪ್ತ ಸಂಖ್ಯೆ ಫೋನಿನ ಸುರಕ್ಷಾ ಚಿಪ್ಪಿನೊಳಗೇ ಹುಟ್ಟಿ ಅಲ್ಲೇ ಉಳಿಯುತ್ತದೆ, ಬ್ಯಾಕಪ್‌ನಲ್ಲಿ ನಕಲಾಗುವುದಿಲ್ಲ. ಹಳೆಯ ಫೋನ್ ಮಾರುವ ಮುನ್ನ ಹೊಸದರಲ್ಲಿ ಕೀ ಕೆಲಸ ಮಾಡುತ್ತಿದೆಯೇ ಎಂದು ಕಾರಿನ ಮುಂದೆ ನಿಂತು ನೋಡಿ, ಆಮೇಲೆ ಹಳೆಯದನ್ನು ಅಳಿಸಿ.

ದಿನಬಳಕೆಯಲ್ಲಿ ಬ್ಲೂಟೂತ್ ಕೀ ಸತಾಯಿಸುವುದಕ್ಕೆ ಕಾರಣ ಹೆಚ್ಚಾಗಿ ಫೋನಿನ ಸೆಟ್ಟಿಂಗ್. ಆಂಡ್ರಾಯ್ಡ್ ಫೋನ್‌ಗಳು ಬ್ಯಾಟರಿ ಉಳಿಸಲು ಹಿನ್ನೆಲೆಯ ಆಪ್‌ಗಳನ್ನು ಮಲಗಿಸುತ್ತವೆ, ಕಾರಿನ ಆಪ್‌ಗೆ ಆ ನಿರ್ಬಂಧ ತೆಗೆದುಹಾಕಿ. ಐಫೋನಿನಲ್ಲಿ ಆಪನ್ನು ಮೇಲಕ್ಕೆ ಸರಿಸಿ ಮುಚ್ಚುವ ಚಟವಿರುವವರು ಕೀಯನ್ನೇ ಮುಚ್ಚಿಬಿಟ್ಟಿರುತ್ತಾರೆ. ಲೊಕೇಶನ್ ಅನುಮತಿ ‘ಯಾವಾಗಲೂ’ ಎಂದಿರಲಿ. ಹಿಂದಿನ ಜೇಬಿನಲ್ಲಿ ಫೋನ್ ಇಟ್ಟುಕೊಂಡು ಬಾಗಿಲಿಗೆ ಮುಖ ಮಾಡಿ ನಿಂತರೆ ನಡುವೆ ನಿಮ್ಮ ಮೈ ಅಡ್ಡ ಬರುತ್ತದೆ, 2.4 ಗಿಗಾಹರ್ಟ್ಜ್ ಅಲೆಯನ್ನು ದೇಹದ ನೀರಿನಂಶ ಚೆನ್ನಾಗಿ ಹೀರುತ್ತದೆ. ಮುಂದಿನ ಜೇಬಿಗೆ ಬದಲಿಸಿದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಈಗ ಚಾರ್ಜ್ ಮುಗಿದಾಗಿನ ಮಾತು. ಐಫೋನ್ ಎಕ್ಸ್‌ಎಸ್, ಎಕ್ಸ್‌ಆರ್ ಮತ್ತು ಅವುಗಳ ನಂತರದ ಮಾದರಿಗಳಲ್ಲಿ, ಆಪಲ್‌ನ ವಾಲೆಟ್ ಆಪ್‌ನಲ್ಲಿ ಕೀ ಇದ್ದು ಎಕ್ಸ್‌ಪ್ರೆಸ್ ಮೋಡ್ (ಫೋನ್ ಅನ್‌ಲಾಕ್ ಮಾಡದೆಯೇ ಕೀ ಕೆಲಸ ಮಾಡುವ ಸೆಟ್ಟಿಂಗ್) ಚಾಲೂ ಇದ್ದರೆ, ಬ್ಯಾಟರಿ ಮುಗಿದು ಫೋನ್ ಆರಿದ ಮೇಲೂ ಐದು ಗಂಟೆಯವರೆಗೆ ತಾಗಿಸಿ ತೆರೆಯಬಹುದು. ಆದರೆ ನೀವೇ ಕೈಯಾರೆ ಆಫ್ ಮಾಡಿದ ಫೋನಿಗೆ ಈ ಮೀಸಲು ಇಲ್ಲ. ಆರಿದ ಫೋನಿನ ಬಟನ್ನನ್ನು ಪದೇ ಪದೇ ಒತ್ತಿ ನೋಡುತ್ತಿದ್ದರೆ ಮೀಸಲೂ ಬೇಗ ಕರಗುತ್ತದೆ. ವಾಲೆಟ್‌ನಲ್ಲಿರದೆ ತಯಾರಕರ ಆಪ್‌ನೊಳಗೆ ಮಾತ್ರ ಇರುವ ಬ್ಲೂಟೂತ್ ಕೀಗೂ ಈ ಮೀಸಲಿಗೂ ಸಂಬಂಧವಿಲ್ಲ; ಫೋನ್ ಆರಿದರೆ ಕೀಯೂ ಆರಿತು. ಅದಕ್ಕೇ ಪರ್ಸಿನಲ್ಲಿ ಕಾರ್ಡ್ ಇರಬೇಕು ಎಂದದ್ದು.

ಕಾರ್ಡ್

ಮೂರರಲ್ಲಿ ಜನ ಅತಿ ಕಡಿಮೆ ಲೆಕ್ಕಕ್ಕಿಡುವುದು ಇದನ್ನು. ಆಪತ್ತಿಗೆ ಮೊದಲು ಒದಗುವುದೂ ಇದೇ. ಸೆಲ್ ಇಲ್ಲ, ಆಪ್ ಇಲ್ಲ, ಅಪ್‌ಡೇಟ್ ಇಲ್ಲ. ವರ್ಷಗಟ್ಟಲೆ ಪರ್ಸಿನಲ್ಲಿದ್ದು ಬೇಕಾದ ದಿನ ಕೆಲಸ ಮಾಡುತ್ತದೆ. 13.56 ಮೆಗಾಹರ್ಟ್ಜ್‌ನಲ್ಲಿ, ಎರಡರಿಂದ ನಾಲ್ಕು ಸೆಂಟಿಮೀಟರ್ ದೂರದಲ್ಲಷ್ಟೇ ಮಾತಾಡುವುದರಿಂದ ಗೋಡೆಯಾಚೆಯಿಂದ ಅದನ್ನು ಎಬ್ಬಿಸುವಂತಿಲ್ಲ. ದಪ್ಪಗಿದ್ದು ಮೇಲೆ ಬಟನ್‌ಗಳಿರುವ ಕಾರ್ಡ್ ಬೇರೆ ಜಾತಿ. 2001ರ ಸುಮಾರಿಗೆ ರೆನೋ ಲಗುನಾ ಕಾರಿನೊಂದಿಗೆ ಜನಪ್ರಿಯವಾದ ಆ ಬಗೆಯದು ಕಾರ್ಡಿನ ಆಕಾರದ ಫಾಬ್, ಅದರಲ್ಲಿ ಸೆಲ್ ಇರುತ್ತದೆ. ನಿಮ್ಮದು ಬ್ಯಾಂಕ್ ಕಾರ್ಡಿನಷ್ಟು ತೆಳ್ಳಗಿದ್ದರೆ ಇಲ್ಲಿ ಹೇಳಿದ್ದು ಅನ್ವಯಿಸುತ್ತದೆ.

ಕಾರ್ಡನ್ನು ರೀಡರಿನ ಮೇಲೆ ಬೀಸಿ ತೆಗೆಯಬೇಡಿ. ಚಪ್ಪಟೆಯಾಗಿ ಇಟ್ಟು ಒಂದೆರಡು ಸೆಕೆಂಡ್ ನಿಲ್ಲಿಸಿ. ರೀಡರ್ ಕೆಲವು ಕಾರುಗಳಲ್ಲಿ ಹ್ಯಾಂಡಲಿನಲ್ಲಿ, ಕೆಲವದರಲ್ಲಿ ಮುಂದಿನ ಮತ್ತು ಹಿಂದಿನ ಬಾಗಿಲಿನ ನಡುವಿನ ಕಂಬದಲ್ಲಿ ಇರುತ್ತದೆ. ಒಳಗೆ ಹೋದ ಮೇಲೆ ಕನ್ಸೋಲಿನ ರೀಡರಿಗೆ ಮತ್ತೆ ತೋರಿಸಿ ಆಮೇಲೆ ಸ್ಟಾರ್ಟ್ ಮಾಡಬೇಕಾಗಬಹುದು. ಪರ್ಸಿನ ಸಮೇತ ಹಿಡಿದರೆ ಒಳಗಿನ ಬ್ಯಾಂಕ್ ಕಾರ್ಡ್‌ಗಳೂ ಒಟ್ಟಿಗೇ ಉತ್ತರಿಸುತ್ತವೆ, ರೀಡರ್ ಗೊಂದಲಕ್ಕೆ ಬೀಳುತ್ತದೆ. ಇದನ್ನೊಂದೇ ಹೊರತೆಗೆದು ತೋರಿಸಿ. ಕೀಚೈನಿಗೆ ಸಿಕ್ಕಿಸಲು ತೂತು ಕೊರೆಯಬೇಡಿ, ಅಂಚಿನ ಉದ್ದಕ್ಕೂ ಆಂಟೆನಾ ಸುರುಳಿ ಸುತ್ತಿಕೊಂಡಿರುತ್ತದೆ. ಒಂದು ಎಳೆ ತುಂಡಾದರೂ ಕಾರ್ಡ್ ಮುಗಿಯಿತು. ವೈರ್‌ಲೆಸ್ ಚಾರ್ಜರಿನ ಮೇಲೆ ಫೋನಿನಡಿ ಸಿಕ್ಕಿಕೊಂಡರೂ ಹಾಳಾಗಬಹುದು. ಫೋನಿನ ಕವರಿನಲ್ಲಿ ಬೇಡ ಎನ್ನಲು ಇದು ಇನ್ನೊಂದು ಕಾರಣ.

ಕಾರ್ಡಿನಿಂದ ತೆರೆದ ದಿನ ಮರೆಯಬಾರದ್ದೊಂದಿದೆ: ನಡೆದುಹೋದರೆ ಕಾರು ತಾನಾಗಿ ಲಾಕ್ ಆಗುವುದಿಲ್ಲ. ಕಾರ್ಡ್ ಎಷ್ಟು ದೂರ ಹೋಯಿತು ಎಂಬುದು ಅದಕ್ಕೆ ಗೊತ್ತಾಗುವ ಬಗೆಯೇ ಇಲ್ಲ. ಇಳಿದು ಬಾಗಿಲು ಹಾಕಿ ಮತ್ತೊಮ್ಮೆ ತಾಗಿಸಿ, ಕನ್ನಡಿ ಮಡಚಿತೋ ದೀಪ ಮಿನುಗಿತೋ ನೋಡಿ. ಕಾರ್ಡ್ ಕಳೆದರೆ ಅದೇ ದಿನ ಕಾರಿನ ಪರದೆಯಿಂದ ಅದನ್ನು ಅಳಿಸಿ, ಸಿಕ್ಕವರು ಯಾರಾದರೂ ಓಡಿಸಬಹುದು.

ಎಲ್ಲ ಕೀ ಇದ್ದೂ ಬಾಗಿಲು ತೆರೆಯದಾಗ

ಫೋನ್, ಕಾರ್ಡ್, ಫಾಬ್ ಮೂರಕ್ಕೂ ಕಾರು ಮೌನವಾಗಿದ್ದರೆ ಕಾರಿನ 12 ವೋಲ್ಟ್ ಬ್ಯಾಟರಿಯನ್ನು ಅನುಮಾನಿಸಿ. ಎಲೆಕ್ಟ್ರಿಕ್ ಕಾರಿನಲ್ಲೂ ಬಾಗಿಲಿನ ಲಾಕ್, ರೀಡರ್, ಪರದೆ ನಡೆಯುವುದು ಇದರಿಂದಲೇ. ಓಡಿಸುವ ದೊಡ್ಡ ಬ್ಯಾಟರಿ ತುಂಬಿದ್ದರೂ ಇದು ಸತ್ತರೆ ಬಾಗಿಲು ತೆರೆಯದು. ಲೋಹದ ಕೀ ಇರುವ ಕಾರಾದರೆ ಬಾಗಿಲು ತೆರೆದು, ಬಾನೆಟ್ ಎತ್ತಿ, ಜಂಪ್ ಕೊಡಬಹುದು, ಅಂದರೆ ಬೇರೆ ಬ್ಯಾಟರಿಯಿಂದ ಕರೆಂಟ್ ಹಾಯಿಸಬಹುದು. ಆ ತೂತೇ ಇಲ್ಲದ ಕಾರುಗಳಿಗೆ ಹೊರಗಿನಿಂದ ಕರೆಂಟ್ ಕೊಡುವ ಜಾಗ ಮಾಡಿರುತ್ತಾರೆ. ಟೆಸ್ಲಾ ಮಾಡೆಲ್ 3ರಲ್ಲಿ ಮುಂದಿನ ಬಂಪರಿನ ಎಳೆಕೊಂಡಿಯ ಮುಚ್ಚಳದ ಹಿಂದೆ ಕೆಂಪು, ಕಪ್ಪು ಎರಡು ವೈರ್ ಇರುತ್ತವೆ; ಅವಕ್ಕೆ ಹೊರಗಿನಿಂದ 12 ವೋಲ್ಟ್ ಕೊಟ್ಟರೆ ಬಾನೆಟ್ ತೆರೆಯುತ್ತದೆ. ಇಂಥ ಕಾರಿನ ಜಂಪ್ ಸ್ಟಾರ್ಟರನ್ನು ಡಿಕ್ಕಿಯೊಳಗೆ ಇಟ್ಟರೆ ಬೇಕಾದಾಗ ಕೈಗೆ ಸಿಗದು, ಮನೆಯಲ್ಲಿರಲಿ.

ಮನೆಯವರಿಗೆ ಕೀ

ಕೊಡಬಹುದು. ಮಾನದಂಡಕ್ಕೆ ಒಳಪಟ್ಟ ಡಿಜಿಟಲ್ ಕೀಯಲ್ಲಿ ನೀವು ಕಳಿಸುವುದು ನಿಮ್ಮ ಕೀಯ ನಕಲನ್ನಲ್ಲ. ಅವರ ಫೋನಿನಲ್ಲಿ ಹೊಸ ಕೀ ಹುಟ್ಟುತ್ತದೆ, ಅದಕ್ಕೆ ನಿಮ್ಮ ಫೋನ್ ಸಹಿ ಹಾಕುತ್ತದೆ, ಆ ಸಹಿಯನ್ನು ಕಾರು ನೆಟ್‌ವರ್ಕ್ ಇಲ್ಲದೆಯೂ ಪರಿಶೀಲಿಸಬಲ್ಲದು. ಹಲವು ಕಾರುಗಳಲ್ಲಿ ಬರೀ ತೆರೆಯಲು, ಓಡಿಸಲೂ, ಗರಿಷ್ಠ ವೇಗಕ್ಕೆ ಮಿತಿ ಹಾಕಿ ಎಂದು ಆಯ್ಕೆ ಮಾಡಬಹುದು. ಹೊಸದಾಗಿ ಕಲಿತ ಮಕ್ಕಳಿಗೆ ಈ ಮಿತಿ ಹಾಕಿಯೇ ಕೊಡಿ. ಸ್ಮಾರ್ಟ್‌ಫೋನ್ ಬಳಸದ ಹಿರಿಯರಿಗೆ ಕಾರ್ಡಿಗಿಂತ ಫಾಬೇ ಸರಿ, ಒತ್ತಿದ ಬಟನ್, ಕೇಳಿದ ಸದ್ದು ಅವರಿಗೆ ಖಾತರಿ ಕೊಡುತ್ತದೆ. ಕೊಟ್ಟ ಕೀ ವಾಪಸ್ ಪಡೆಯುವಾಗ ಮಾತ್ರ ಕಾರಿಗೂ ಆ ಸುದ್ದಿ ಮುಟ್ಟಬೇಕು. ನೆಟ್‌ವರ್ಕ್ ಸಿಗದ ತಳಮಹಡಿಯಲ್ಲಿ ಕಾರು ನಿಂತಿದ್ದರೆ ಅಲ್ಲಿಯವರೆಗೆ ಹಳೆಯ ಕೀ ನಡೆಯುತ್ತಿರಬಹುದು. ಆದ್ದರಿಂದ ಫೋನಿನಲ್ಲಿ ಅಳಿಸಿದ ಮೇಲೆ ಕಾರಿನ ಪರದೆಯ ಪಟ್ಟಿಯಲ್ಲೂ ಆ ಹೆಸರು ಹೋಯಿತೇ ಎಂದು ನೋಡಿ.

ಹಲವು ಕೀ ಇರುವ ಮನೆಯಲ್ಲಿ ಆಗುವ ಎಡವಟ್ಟು ಒಂದಿದೆ. ಕೀ ಇದ್ದವರು ಕಾರು ಸ್ಟಾರ್ಟ್ ಮಾಡಿ, ಬೇರೆಯವರನ್ನು ಚಾಲಕನ ಸೀಟಿಗೆ ಕೂರಿಸಿ, ಕೀ ಸಮೇತ ಇಳಿದುಹೋಗುತ್ತಾರೆ. ಕಾರು ಬೀಪ್ ಎಂದು ಎಚ್ಚರಿಸುತ್ತದೆ, ಆದರೂ ಓಡುತ್ತಲೇ ಇರುತ್ತದೆ. ಮುಂದೆ ಎಲ್ಲೋ ನಿಲ್ಲಿಸಿ ಆಫ್ ಮಾಡಿದಾಗ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಚಾಲಕ ಬದಲಾಗುವಾಗ ಒಮ್ಮೆ ಆಫ್ ಮಾಡಿ, ಹೊಸದಾಗಿ ಕೂತವರ ಕೀಯಿಂದಲೇ ಮತ್ತೆ ಸ್ಟಾರ್ಟ್ ಮಾಡುವುದನ್ನು ರೂಢಿ ಮಾಡಿಕೊಳ್ಳಿ. ಪೆಟ್ರೋಲ್, ಡೀಸೆಲ್ ಕಾರನ್ನು ಮುಚ್ಚಿದ ಗ್ಯಾರೇಜಿನಲ್ಲಿ ಚಾಲೂ ಬಿಟ್ಟು ಕೀ ಜೇಬಿಗಿಳಿಸಿ ಒಳಗೆ ಹೋಗುವುದಂತೂ ಜೀವಕ್ಕೇ ಅಪಾಯ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಎಂಜಿನ್ ಸದ್ದು ತೀರಾ ಮೆಲ್ಲಗಿರುವ ಕಾರುಗಳಲ್ಲಿ ಚಾಲೂ ಇರುವುದೇ ಗೊತ್ತಾಗದು.

ಕಾರು ಮಾರುವಾಗ, ಅಥವಾ ಹಳೆಯ ಕಾರು ಕೊಳ್ಳುವಾಗ, ಪರದೆಯಲ್ಲಿ ನೋಂದಾಯಿತ ಕೀಗಳ ಪಟ್ಟಿ ತೆರೆಯಿರಿ. ಕೈಗೆ ಬಂದಿರುವುದು ಎರಡು ಫಾಬ್, ಪಟ್ಟಿಯಲ್ಲಿರುವುದು ಮೂರು ಎಂದಾದರೆ ಮೂರನೆಯದು ಯಾರ ಬಳಿಯೋ ಇದೆ. ಸರ್ವಿಸ್ ಸೆಂಟರಿನಲ್ಲಿ ಎಲ್ಲವನ್ನೂ ಅಳಿಸಿ, ಕೈಯಲ್ಲಿರುವುದನ್ನು ಮಾತ್ರ ಮತ್ತೆ ಸೇರಿಸಬೇಕು. ಇದಕ್ಕೆ ಇರುವ ಎಲ್ಲ ಫಾಬ್‌ಗಳನ್ನೂ ಒಯ್ಯಿರಿ, ಮನೆಯಲ್ಲಿ ಬಿಟ್ಟುಹೋದದ್ದು ಆ ಹೊತ್ತಿನಿಂದ ಕೆಲಸಕ್ಕೆ ಬಾರದು. ಹಿಂದಿನ ಮಾಲೀಕರ ಆಪ್ ಖಾತೆಯನ್ನೂ ಅವರ ಎದುರಿಗೇ ಕಾರಿನಿಂದ ಬಿಡಿಸಿ, ಆಮೇಲೆ ಅವರ ಫೋನಿನಲ್ಲಿ ‘ಅನ್‌ಲಾಕ್’ ಒತ್ತಿಸಿ, ಬಾಗಿಲು ತೆರೆಯುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ.